ಕಾಲರ್ ಗುಂಡಿ

ಬೆಚ್ಚಗಿದೆ, ಒದ್ದೆಯಾಗಿದೆ, ಇಸ್ತ್ರಿಯ ಕೆಳಗಿನಿಂದ ಈಗಷ್ಟೇ ಎಳೆದ ಬಟ್ಟೆಯನ್ನು ಯಾರೋ ಹಣೆಯಿಂದ ಹೆಗಲವರೆಗೆ ಹಾಸಿ ಒತ್ತುತ್ತಿರುವ ಹಾಗೆ, ಬಟ್ಟೆಯಲ್ಲ, ಜಾಲರಿ, ತೂತುತೂತಿನ ಪ್ಲಾಸ್ಟಿಕ್ ಹಾಳೆ, ಸಾವಿರ ತೂತಿರಬೇಕು, ಸಾವಿರ ಏನು ಬಂತು, ಐದು ಸಾವಿರ, ನನ್ನ ಕಣ್ಣಳತೆ ತಪ್ಪಿದ ದಿನ ಗಡಿಯಾರಗಳು ಹಿಂದಕ್ಕೆ ಓಡುತ್ತವೆ — ಮಾಸ್ಟ್ರೇ, ಅಲುಗಾಡ್ಬೇಡಿ, ನುಂಗ್ಬೇಡಿ, ಮಾತಂತೂ ಆಡ್ಲೇಬೇಡಿ, ಹದಿನೈದು ನಿಮಿಷ ಅಷ್ಟೇ, ಗಟ್ಟಿಯಾಗೋವರೆಗೆ, ಎನ್ನುತ್ತಾಳೆ ಮುಖವಾಡ ಮಾಡುವಾಕೆ, ಅವಳ ಹೆಬ್ಬೆರಳುಗಳು ನನ್ನ ಮೂಗಿನ ಎರಡೂ ಪಕ್ಕದಲ್ಲಿ ಇಳಿಯುತ್ತವೆ, ಗದ್ದದ ಕೆಳಗೆ ಹೋಗುತ್ತವೆ, ಬಲಗಡೆ ಆ ಗಂಟಿನ ಮೇಲೆ ಬಂದಾಗ ಒಂದು ಕ್ಷಣ ಹಗುರಾಗಿ ಮತ್ತೆ ಒತ್ತುತ್ತವೆ, ಒಳ್ಳೆಯ ಕೈ, ಒಪ್ಪಿದೆ, ಉಬ್ಬಿದ ಜಾಗಕ್ಕೆ ಬಟ್ಟೆ ಕೂರಿಸುವುದು ಎಲ್ಲರಿಗೂ ಬರುವುದಿಲ್ಲ, ಬಾಯಿ ಬಿಡುವ ಹಾಗಿದ್ದಿದ್ದರೆ ಹೇಳುತ್ತಿದ್ದೆ, ತಾಯೀ, ನಾಳೆಯಿಂದ ನನ್ನ ಅಂಗಡಿಗೆ ಬಂದ್ಬಿಡು, ಕೋಟಿನ ಭುಜ ಕೂರಿಸೋದು ಕಲಿಸ್ತೀನಿ, ಮೂರೇ ತಿಂಗಳಲ್ಲಿ ನಿನ್ನ ಕೈಯಲ್ಲಿ ಕಲ್ಲುಬಂಡೆಯೂ ಕೋಟು ತೊಟ್ಟುಕೊಂಡು ಓಡಾಡುತ್ತೆ ಅಂತ. ಆದರೆ ಬಾಯಿ ಬಿಡುವ ಹಾಗಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ, ನನಗಿದ್ದದ್ದು ಒಂದು ಬಾಯಲ್ಲ, ಹನ್ನೆರಡು, ಮೂವತ್ತೆಂಟು ವರ್ಷ ಹೊಲಿಗೆ ಮಿಷನ್ನಿನ ಸದ್ದಿಗಿಂತ ಜೋರಾಗಿ ಮಾತಾಡಿದವನು ನಾನು, ಗಿರಾಕಿಯ ಭುಜಕ್ಕೆ ಟೇಪು ಹಿಡಿದು ಕಿವಿಗೆ ಕಥೆ ಕಟ್ಟಿದವನು, ಈಗ ಹದಿನೈದು ನಿಮಿಷ ತುಟಿ ಎರಡೂ ಕಚ್ಚಾ ಹೊಲಿಗೆ ಹಾಕಿದ ಹಾಗೆ, ಪಕ್ಕಗಳಲ್ಲಿ ಟಕ್ ಟಕ್ ಎಂದು ಹಲಗೆಗೆ ಕೀಲು ಸಿಕ್ಕಿಸಿದಳು, ತಲೆ ಇನ್ನು ನನ್ನದಲ್ಲ, ಹಲಗೆಯದು. ಈ ಆಸ್ಪತ್ರೆಯಲ್ಲಿ ಈ ಮುಖವಾಡ ತೊಡಿಸಿಯೇ ಕರೆಂಟು ಕೊಡುತ್ತಾರಂತೆ, ಕರೆಂಟು ಅಂತ ಜನ ಅನ್ನುತ್ತಾರೆ, ಡಾಕ್ಟರು ರೇಡಿಯೇಷನ್ ಅನ್ನುತ್ತಾರೆ, ಹತ್ತು ದಿನ, ದಿನಾ ಇದೇ ಮುಖವಾಡ, ಕೂದಲೆಳೆಯಷ್ಟೂ ಅಲುಗಬಾರದಂತೆ. ಒಳಗೆ ಬರುವಾಗ ಅವಳನ್ನು ಕೇಳಿದ್ದೆ, ಒಳಗೆ ಎಷ್ಟು ಬಟ್ಟೆ ಬಿಡ್ತೀರಮ್ಮಾ, ಮುಂದೆ ಬಿಚ್ಚಿ ದೊಡ್ಡದು ಮಾಡ್ಬೇಕಾದ್ರೆ? ಅವಳಿಗೆ ಅರ್ಥವಾಗಲಿಲ್ಲ, ದೊಡ್ಡದಾಗಲ್ಲ ಮಾಸ್ಟ್ರೇ, ಎಲ್ರಿಗೂ ಸಡಿಲ ಆಗೋದೇ ಇಲ್ಲಿ, ತೂಕ ಇಳಿಯುತ್ತಲ್ಲ, ಅಂದಳು. ನಗುನಗುತ್ತಲೇ ಅಂದಳು, ಪಾಪ, ಒಳ್ಳೆಯ ಹೆಂಗಸು.

ಆ ಗಂಟಿನ ಮೇಲೆ ಅವಳ ಬೆರಳು ನಿಂತದ್ದು ಗೊತ್ತಾಯಿತು, ನನಗೆ ಗೊತ್ತಾಗದೆ ಇರುತ್ತದೆಯೇ, ಎಡಗಡೆ ನೇರ ಇಳಿದ ಕೈ ಬಲಗಡೆ ಬೆಟ್ಟ ಹತ್ತಿ ಇಳಿದರೆ. ಎರಡು ಕಡೆ ಸಮ ಇಲ್ಲ. ಯಾರದಿದೆ? ದೇವರು ದೊಡ್ಡವನಿರಬಹುದು, ಒಳ್ಳೆಯ ಟೈಲರ್ ಅಲ್ಲ, ನನ್ನ ಅಂಗಡಿಯಲ್ಲಿ ಕೆಲಸಕ್ಕಿದ್ದಿದ್ದರೆ ಮೊದಲ ವಾರವೇ ಮನೆಗೆ ಕಳಿಸುತ್ತಿದ್ದೆ, ಒಂದು ಲಕ್ಷ ಜನರ ಮೈ ಅಳೆದಿದ್ದೇನೆ, ಎರಡು ಪಕ್ಕ ಹೊಂದುವ ಒಂದೇ ಒಂದು ಪ್ರಾಣಿ ಸಿಕ್ಕಿಲ್ಲ. ಅಂಚೆಯವನ ಬಲಭುಜ ಒಂದೂಕಾಲು ಅಂಗುಲ ಕೆಳಗೆ, ಚೀಲ ಹೊತ್ತು ಹೊತ್ತು, ಹೆಡ್‌ಮಾಸ್ಟರ ಎಡಗೈ ಬಲಗೈಗಿಂತ ಉದ್ದ, ಆ ಕೈಯಲ್ಲೇ ಕಿವಿ ಹಿಂಡುತ್ತಿದ್ದರೋ ಏನೋ, ಬ್ಯಾಂಡಿನ ತುತ್ತೂರಿಯವನ ಕುತ್ತಿಗೆ ಹತ್ತೊಂಬತ್ತು ಅಂಗುಲ, ಅದೂ ಊದುವಾಗ ಇಪ್ಪತ್ತೊಂದು, ಅವನಿಗೆ ಕಾಲರ್ ಹೊಲಿಯಬೇಕಾದರೆ ಟೇಪು ಸಾಲದೆ ಪಕ್ಕದ ಅಂಗಡಿಯಿಂದ ಹಗ್ಗ ತಂದಿದ್ದೇನೆ. ಟ್ರಯಲಿಗೆ ಬಂದವರು ಕನ್ನಡಿ ನೋಡಿ ಮುಖ ಸಣ್ಣ ಮಾಡುತ್ತಾರೆ, ಮಾಸ್ಟ್ರೇ ನನ್ನ ಒಂದು ಭುಜ ಇಳಿದಿದೆಯಲ್ಲಾ, ಇದೇನು ಕಾಯಿಲೆನಾ? ಅಯ್ಯೋ ಸ್ವಾಮೀ, ಎರಡೂ ಕಡೆ ಸಮ ಇರೋನು ಈ ಬೀದಿಯಲ್ಲಿ ಒಬ್ಬನೇ, ನನ್ನ ಗಾಜಿನ ಬೀರುವಿನೊಳಗೆ ನಿಂತಿರೋ ಗೊಂಬೆ, ಅವನಿಗೂ ತಲೆ ಇಲ್ಲ! ನಗುತ್ತಿದ್ದರು, ಒಂದು ತೆಳ್ಳನೆ ಪ್ಯಾಡು ಒಳಗೆ ಸೇರಿಸುತ್ತಿದ್ದೆ, ಭುಜ ಸಮ, ಮನಸ್ಸು ಸಮ, ಮನೆಗೆ ಹೋಗುವಾಗ ರಾಜನ ನಡಿಗೆ. ಅದೇ ನನ್ನ ವಿದ್ಯೆ, ಮುಚ್ಚುವುದು, ಮುಚ್ಚಿದ್ದು ಗೊತ್ತಾಗದ ಹಾಗೆ ಮುಚ್ಚುವುದು. ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಯಲ್ಲಿ ನೀರು ಕುಡಿಯುವಾಗ ಗಂಟಲಲ್ಲಿ ಏನೋ ಅಡ್ಡ ಸಿಕ್ಕ ಹಾಗಾಯಿತು, ಬಾಯಿಗಿಟ್ಟ ಗುಂಡುಸೂಜಿ ನುಂಗಿಬಿಟ್ಟೆನೋ ಎಂದು ಹೆದರಿ, ಬಿದ್ದ ಸೂಜಿ ಹುಡುಕುವ ಟಾರ್ಚು ತಗೊಂಡು ಟ್ರಯಲ್ ಕೋಣೆಯ ಕನ್ನಡಿ ಮುಂದೆ ನಿಂತು ಬಾಯಿ ತೆರೆದೆ, ಈ ಬಾಯಿ, ಗುಹೆ, ಒಳಗೆ ಬಸ್ಸು ತಿರುಗಿಸಬಹುದು, ನಡುವೆ ಕಿರುನಾಲಿಗೆ ಗಾರೆಯವನ ತೂಗುಗುಂಡಿನ ಹಾಗೆ ನೆಟ್ಟಗೆ, ಎಡಗಡೆ ಟಾನ್ಸಿಲ್ ಅಂಗಿಯ ಗುಂಡಿಯಷ್ಟು, ಬಲಗಡೆಯದು ಓವರ್‌ಕೋಟಿನ ಗುಂಡಿ, ಅದಕ್ಕೂ ದೊಡ್ಡದು, ಕಿರುನಾಲಿಗೆಗೆ ಭುಜ ತಾಗಿಸಿಕೊಂಡು ನಿಂತಿದೆ. ಬಾರೇ ಇಲ್ಲಿ, ಒಂದು ತಮಾಷೆ ನೋಡು ಎಂದು ಹೆಂಡತಿಯನ್ನು ಕರೆದೆ, ಅವಳು ತುಟಿಯಲ್ಲಿ ಕಚ್ಚಿಕೊಂಡಿದ್ದ ನೂಲು ತೆಗೆದು, ಸೂಜಿಗೆ ದಾರ ಪೋಣಿಸುವಾಗ ಹೇಗೆ ಒಂದು ಕಣ್ಣು ಮುಚ್ಚುತ್ತಾಳೋ ಹಾಗೆ ಮುಚ್ಚಿ ಒಳಗೆ ನೋಡಿದಳು, ಬಹಳ ಹೊತ್ತು ನೋಡಿದಳು. ಒಂದು ಕಡೆ ದೊಡ್ಡದಿದೆ ರೀ. ಇದ್ರೆ ಇರ್ಲಿ ಬಿಡೇ, ನನ್ನದು ಎಲ್ಲಾ ದೊಡ್ಡದೇ. ತಮಾಷೆ ಸಾಕು, ತೋರಿಸ್ಕೊಂಡು ಬನ್ನಿ. ಎರಡು ಕಡೆ ಸಮ ಇರೋನು ಗೊಂಬೆ ಒಬ್ನೇ ಕಣೇ. ಹ್ಞೂ, ಗಿರಾಕಿಗೆ ಹೇಳೋದನ್ನ ನನಗೆ ಹೇಳ್ಬೇಡಿ.

ಹೋದೆ, ಹೋಗಲಿಲ್ಲ ಅಂತ ಯಾರೂ ಅನ್ನಬಾರದು, ಗಂಟಲು ಡಾಕ್ಟರ ಹತ್ತಿರ ಹೋದೆ. ಚಿಕ್ಕ ವಯಸ್ಸು, ಅಂಗಿ ರೆಡಿಮೇಡು, ಭುಜದ ಹೊಲಿಗೆ ತೋಳಿನ ಮೇಲೆ ಎರಡು ಅಂಗುಲ ಜಾರಿ ಕೂತಿದೆ, ತನ್ನ ಭುಜ ಎಲ್ಲಿ ಮುಗಿಯುತ್ತೆ ಅಂತ ಗೊತ್ತಿಲ್ಲದವನು ನನ್ನ ಗಂಟಲ ಬಗ್ಗೆ ಏನು ಹೇಳಿಯಾನು ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ, ನನ್ನ ಜಂಭ ಅಂಥದು, ಮನುಷ್ಯರನ್ನು ಹೊಲಿಗೆ ನೋಡಿ ನಂಬುವುದು. ನಾಲಿಗೆ ಒತ್ತಿ ನೋಡಿದ, ಕುತ್ತಿಗೆ ಸವರಿದ, ಹೇಳಿದ, ಎರಡು ಟಾನ್ಸಿಲ್ ಒಂದೇ ಗಾತ್ರ ಇರ್ಬೇಕು ಅಂತೇನಿಲ್ಲ ಸರ್, ಎಷ್ಟೋ ಜನಕ್ಕೆ ಹೀಗಿರುತ್ತೆ, ಹೆಚ್ಚಿನ ಪಾಲು ಏನೂ ಇರಲ್ಲ. ನೋಡಿದೆಯಾ! ನನ್ನದೇ ಮಾತು, ಅವನ ಬಾಯಲ್ಲಿ. ಆದರೆ ನಿಮ್ಮ ವಯಸ್ಸಿಗೆ, ಒಂದೇ ಕಡೆ ಹೊಸದಾಗಿ ದೊಡ್ಡದಾಗಿದ್ರೆ, ಸುಮ್ಮನೆ ಬಿಡೋ ಹಾಗಿಲ್ಲ, ಮೂರು ವಾರ ಬಿಟ್ಟು ಬರಲೇಬೇಕು, ಅಷ್ಟರೊಳಗೆ ಕುತ್ತಿಗೆಯಲ್ಲಿ ಗಂಟು ಬಂದ್ರೆ, ಒಂದೇ ಕಿವಿ ನೋವು ಬಂದ್ರೆ, ಉಗುಳಲ್ಲಿ ರಕ್ತ ಕಂಡ್ರೆ ಅದೇ ದಿನ ಬನ್ನಿ. ಇದನ್ನೂ ಹೇಳಿದ್ದ, ಈಗ ಒಂದೊಂದು ಅಕ್ಷರವೂ ನೆನಪಾಗುತ್ತಿದೆ, ಜಾಲರಿಯ ಒಂದೊಂದು ತೂತಿಗೆ ಒಂದೊಂದು ಅಕ್ಷರ. ಆಗ ಮಾತ್ರ ಬೇಕಾದಷ್ಟನ್ನು ಕತ್ತರಿಸಿಕೊಂಡು ಉಳಿದದ್ದನ್ನು ಚೂರುಬಟ್ಟೆಯ ಗೋಣಿಗೆ ಹಾಕಿದ್ದೆ, ಮನೆಗೆ ಬಂದು ಏನಂದೆ? ಡಾಕ್ಟ್ರು ಎದ್ದು ನಿಂತು ಕೈಮುಗಿದ್ರು ಕಣೇ, ಇಂಥಾ ಗಂಟಲು ನಾನು ಪುಸ್ತಕದಲ್ಲೂ ನೋಡಿಲ್ಲ ಅಂದ್ರು. ಅವಳು ಗುಂಡಿ ಹಾಕುತ್ತಲೇ, ಹತ್ತರಿಂದ ಭಾಗಿಸಿದ್ರೆ ಏನು ಉಳಿಯುತ್ತೆ? ಮದುವೆಯಾದಾಗಿನಿಂದ ಅವಳ ಲೆಕ್ಕ ಅದು, ನಾನು ನೂರು ಜನ ಅಂದರೆ ಹತ್ತು ಜನ, ಹತ್ತು ಕೋಟು ಅಂದರೆ ಒಂದು, ಯಾರ ಮುಂದೆ ಬೇಕಾದರೂ ಹೇಳುತ್ತಾಳೆ, ಇವ್ರ ಮಾತನ್ನ ಹತ್ತರಿಂದ ಭಾಗಿಸಿ ತಗೊಳ್ಳಿ ಅಂತ. ಏನೂ ಇಲ್ಲ ಅಂದ್ರು ಕಣೇ, ಏನೂ ಇಲ್ಲದ್ದನ್ನ ಹೇಗೆ ಭಾಗಿಸ್ತೀಯ? ಅಂದೆ, ಗೆದ್ದೆ. ಗೆದ್ದು ಎರಡು ತಿಂಗಳಿಗೆ ಒಂದು ಬೆಳಗ್ಗೆ ಕಾಲರ್ ಗುಂಡಿ ಹಾಕಲು ಹೋದರೆ ಕಾಜಾದವರೆಗೆ ಬರುವುದಿಲ್ಲ, ಎಳೆದರೆ ಕಣ್ಣು ಹೊರಗೆ ಬರುತ್ತದೆ, ಬಲದವಡೆಯ ಕೆಳಗೆ ಒಂದು ಗಂಟು, ನೋವಿಲ್ಲ, ತುರಿಕೆಯಿಲ್ಲ, ಸುಮ್ಮನೆ ಕೂತಿದೆ, ನೋಯದ್ದು ಕಾಯಿಲೆ ಹೇಗಾದೀತು? ಆದರೆ ಗುಂಡಿ ಬಿಚ್ಚಿಕೊಂಡು ಅಂಗಡಿಯಲ್ಲಿ ಕೂರುವ ಹಾಗಿಲ್ಲ, ನನ್ನ ನಿಯಮ ಅದು, ಕಾಲರ್ ತೆರೆದು ಕೂತ ಟೈಲರ್ ಒಂದೇ, ಹಲ್ಲುದುರಿದ ಹಲ್ಲಿನ ಡಾಕ್ಟರ್ ಒಂದೇ. ಬೇರೆಯವನಾಗಿದ್ದರೆ ಅಂಗಿ ಬಿಗಿಯಾಯಿತು, ಕುತ್ತಿಗೆಗೆ ಏನಾಗಿದೆ ಎಂದು ಡಾಕ್ಟರ ಹತ್ತಿರ ಓಡುತ್ತಿದ್ದ. ನಾನು ಟೈಲರ್. ಅಂಗಿ ಬಿಗಿಯಾದರೆ ಅಂಗಿ ಸರಿಮಾಡುವವನು. ಹೆಂಡತಿ ಗಿರಾಕಿ ಮನೆಗೆ ಬಟ್ಟೆ ಕೊಡಲು ಹೋದಾಗ ನನ್ನ ಏಳೂ ಅಂಗಿ ಹರಡಿಕೊಂಡು, ಏಳು ಕಾಲರಿನ ಏಳು ಗುಂಡಿ ಬಿಚ್ಚಿ, ಕಾಲಂಗುಲ ಆಚೆಗೆ ಸರಿಸಿ ಹಾಕಿದೆ. ಮೂವತ್ತೆಂಟು ವರ್ಷದಲ್ಲಿ ನಾನೇ ಗುಂಡಿ ಹಾಕಿದ್ದು ಅದೇ ಮೊದಲು, ನಮ್ಮ ಅಂಗಡಿಯಲ್ಲಿ ಕಾಜಾ ಗುಂಡಿ ಅವಳ ಕೆಲಸ, ಅವಳು ಹಾಕಿದ ಗುಂಡಿ ಬಿಚ್ಚಬೇಕಾದರೆ ಆನೆ ಕರೆಸಬೇಕು.

ಆಮೇಲೆ ನಡೆದದ್ದಿದೆಯಲ್ಲ, ಪವಾಡ. ಕೆಲವು ವಾರಕ್ಕೆ ಮತ್ತೆ ಬಿಗಿಯಾಗತೊಡಗಿತು, ಮನಸ್ಸಿಗೆ ಕಸಿವಿಸಿ, ನಾಳೆ ಡಾಕ್ಟರ ಹತ್ತಿರ ಹೋಗೇಬಿಡೋಣ ಅಂದುಕೊಂಡೆ, ನಿಜವಾಗಿಯೂ ಅಂದುಕೊಂಡೆ, ಹೊರಡಲು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗುಂಡಿ ಹಾಕಿದರೆ — ಸಲೀಸು! ಎರಡು ಬೆರಳು ಒಳಗೆ ಹೋಗುತ್ತಿದೆ! ಕನ್ನಡಿ ಮುಂದೆ ಆ ಕಡೆ ತಿರುಗಿದೆ, ಈ ಕಡೆ ತಿರುಗಿದೆ, ಕುತ್ತಿಗೆ ಮುಟ್ಟಿ ನೋಡಿದರೆ ಗಂಟು ಅಲ್ಲೇ ಇದ್ದ ಹಾಗಿದೆ, ಆದರೆ ಬೆರಳನ್ನು ಯಾರು ನಂಬುತ್ತಾರೆ, ಬೆರಳು ಬಿಸಿ, ಬೆರಳು ಭಯಪಡುತ್ತೆ, ಬಟ್ಟೆ ಸುಳ್ಳು ಹೇಳುವುದಿಲ್ಲ, ಇದನ್ನು ಎಷ್ಟು ಗಿರಾಕಿಗಳಿಗೆ ಪಾಠ ಮಾಡಿದ್ದೇನೆ, ನೀವು ಸಣ್ಣಗಾಗಿದ್ದೀರಿ ಅಂತ ನಿಮ್ಮ ಹೆಂಡತಿ ಹೇಳ್ಬಹುದು ಸ್ವಾಮೀ, ಪ್ಯಾಂಟು ಹೇಳ್ಬೇಕು! ಪ್ಯಾಂಟು ಹೇಳಿತು, ಅಲ್ಲ, ಕಾಲರ್ ಹೇಳಿತು, ಗಂಟು ಇಳಿದಿದೆ. ಡಾಕ್ಟರ ಹತ್ತಿರ ಹೋಗಬೇಕಾದ ಕಾಲು ಅಂಗಡಿಗೆ ಹೋಯಿತು. ತುತ್ತೂರಿಯವನು ಬಂದಾಗ ಕಾಲರೊಳಗೆ ಬೆರಳು ತೂರಿಸಿ ತೋರಿಸಿದೆ, ನೋಡಯ್ಯಾ, ಕುತ್ತಿಗೆಯಲ್ಲಿ ತೆಂಗಿನಕಾಯಿಯಷ್ಟು ಗಂಟು ಬಂದಿತ್ತು, ಮೂರು ದಿನ ಬಿಡದೆ ಬೈದೆ, ಹೆದರಿ ಒಳಗೆ ಹೋಯ್ತು. ಅವನು ಬಾಯಿ ತೆರೆದು ಕೇಳಿದ, ಮಾಸ್ಟ್ರೇ, ನಮ್ಮತ್ತೆ ಮಂಡಿಗೂ ಸ್ವಲ್ಪ ಬಂದು ಬೈತೀರಾ? ಹೆಂಡತಿ ಮೂಲೆಯಲ್ಲಿ ಕೂತು ಕಾಜಾ ಹೊಲಿಯುತ್ತಿದ್ದಳು, ತಲೆ ಎತ್ತಲಿಲ್ಲ, ನಗಲೂ ಇಲ್ಲ, ಅದನ್ನು ನೋಡಿದೆ, ನೋಡಿಯೂ ಮಾತು ಮುಂದುವರಿಸಿದೆ. ಬಲಗಿವಿ ನೋಯತೊಡಗಿತು, ಮಿಷನ್ನಿನ ಸದ್ದು ಅಂದುಕೊಂಡು ಮಿಷನ್ನಿಗೆ ಎಣ್ಣೆ ಬಿಟ್ಟೆ. ಊಟ ನುಂಗುವಾಗ ತಡೆ, ಅನ್ನವನ್ನು ಗಂಜಿ ಮಾಡಿಸಿಕೊಂಡೆ, ಹಲ್ಲು ದುಬಾರಿ ಕಣೇ, ಸುಮ್ನೆ ಯಾಕೆ ಸವೆಸೋದು ಅಂದೆ. ಎಲ್ಲಕ್ಕೂ ಒಂದೊಂದು ಪ್ಯಾಡು, ತೆಳ್ಳಗೆ, ಹೊರಗೆ ಕಾಣದ ಹಾಗೆ. ಕೊನೆಗೆ ಒಂದು ದಿನ ಉಗುಳಿದರೆ ಬೇಸಿನ್ನಿನಲ್ಲಿ ಒಂದು ಎಳೆ ಕೆಂಪು ದಾರ, ಇಷ್ಟೇ ಉದ್ದ, ಅದನ್ನು ಮಾತ್ರ ಯಾವ ಬಟ್ಟೆಯಿಂದಲೂ ಮುಚ್ಚಲಾಗಲಿಲ್ಲ, ಅವಳು ಹಿಂದೆಯೇ ನಿಂತಿದ್ದಳು.

ಈ ದೊಡ್ಡ ಆಸ್ಪತ್ರೆಯ ದೊಡ್ಡ ಡಾಕ್ಟರು, ನರೆತ ಗಡ್ಡ, ಅಂಗಿ ಹೊಲಿಸಿದ್ದು, ಒಳ್ಳೆಯ ಕೈಯೇ, ಅದಕ್ಕೇ ಅವರ ಮಾತು ಮೊದಲಿಂದ ಕೊನೆವರೆಗೆ ಕೇಳಿದೆ ಎಂದರೆ ನಗಬೇಕು ಅಥವಾ — ನಗುವ ಹಾಗಿಲ್ಲ, ಕೆನ್ನೆ ಅಲುಗಿದರೆ ಮುಖವಾಡ ಕೆಡುತ್ತದೆ, ಬಿಗಿಯಾಗುತ್ತಿದೆ, ಬೆಚ್ಚಗಿದ್ದದ್ದು ತಣ್ಣಗಾಗುತ್ತಾ ಚರ್ಮದ ಮೇಲೆ ಕೂರುತ್ತಿದೆ, ಮುಖವಾಡದಾಕೆ ಒದ್ದೆ ಬಟ್ಟೆ ತಂದು ಹಣೆಯ ಮೇಲೆ ಇಡುತ್ತಾಳೆ, ಇನ್ನು ಎಂಟು ನಿಮಿಷ ಮಾಸ್ಟ್ರೇ, ಚೆನ್ನಾಗಿ ಮಲಗಿದ್ದೀರ — ಆ ದೊಡ್ಡ ಡಾಕ್ಟರು ಗಂಟು ಒತ್ತಿದರು, ಅದು ಕಲ್ಲಿನ ಹಾಗೆ ಕೂತಿದೆ, ಆ ಕಡೆಗೂ ಹೋಗುವುದಿಲ್ಲ, ಈ ಕಡೆಗೂ ಇಲ್ಲ, ಕೇಳಿದರು, ಎಷ್ಟು ದಿನದಿಂದ ಇದೆ ಇದು? ನಾನು ನೆಟ್ಟಗೆ ಕೂತು, ಸುಮಾರು ದಿನ ಆಯ್ತು ಸರ್, ಆದ್ರೆ ನಡುವೆ ಪೂರ್ತಿ ಇಳಿದುಹೋಗಿತ್ತು, ಅದಕ್ಕೆ ನಾನೇ ಗ್ಯಾರಂಟಿ, ಕಾಲರ್ ಎಷ್ಟು ಸಡಿಲ ಆಗಿತ್ತು ಅಂದ್ರೆ ಎರಡು ಬೆರಳಲ್ಲ, ಇಡೀ ಕೈ ತೂರಿಸ್ಬಹುದಿತ್ತು. ಇಂಥದು ತಾನಾಗೇ ಇಳಿಯೋದು ಕಮ್ಮಿ, ಅಂದರು ಅವರು. ಇಳಿದಿತ್ತು ಸರ್, ಬಟ್ಟೆ ಸುಳ್ಳು ಹೇಳಲ್ಲ. ಆಗ ಪಕ್ಕದ ಕುರ್ಚಿಯಿಂದ, ಅದು ನಾನು. ಡಾಕ್ಟರೂ ತಿರುಗಿದರು, ನಾನೂ ತಿರುಗಿದೆ, ಹೆಂಡತಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದಾಳೆ. ಏನೇ ನೀನು? ಗುಂಡಿ. ಗುಂಡಿ ಸರಿಸಿದ್ದು ನಾನು ರೀ. ಹೇಳಿದಳು, ಡಾಕ್ಟರಿಗೆ ಹೇಳಿದಳೋ ನೆಲಕ್ಕೋ, ಮೊದಲನೇ ಸಲ ಇವರೇ ಸರಿಸ್ಕೊಂಡಿದ್ರು ಸಾರ್, ಒಗೆಯೋವಾಗ ನೋಡಿದೆ, ನನ್ನ ಕೈ ಅಲ್ಲ ಅದು, ನಾನು ಗುಂಡಿ ಕೆಳಗೆ ದಾರನ ಮೂರು ಸುತ್ತು ಸುತ್ತಿ ಬಿಗೀತೀನಿ, ಇವರು ಸುತ್ತೇ ಇರ್ಲಿಲ್ಲ. ದಪ್ಪ ಆಗಿದಾರೆ, ಹೇಳ್ಕೊಳ್ಳೋಕೆ ನಾಚಿಕೆ ಅಂದ್ಕೊಂಡೆ, ಇಷ್ಟು ಮಾತಾಡೋರು ಇದೊಂದನ್ನ ಬಾಯಿಬಿಡದೆ ಕದ್ದು ಮಾಡ್ಕೊಂಡಿದಾರಲ್ಲ ಅಂತ ಪಾಪ ಅನ್ನಿಸ್ತು, ಬೆಳಗ್ಗೆ ಗುಂಡಿ ಎಳೀತಾ ಒದ್ದಾಡ್ತಿದ್ರು, ಅದಕ್ಕೆ ನಾನೇ ಇನ್ನರ್ಧ ಅಂಗುಲ ಸರಿಸಿ ಹಾಕ್ದೆ, ಏಳಕ್ಕೂ. ಆಮೇಲೆ ಇನ್ನೊಂದ್ಸಲ. ಹೇಳಿದ್ರೆ ಮುಖ ಸಣ್ಣಗಾಗುತ್ತೆ ಅಂತ ಹೇಳ್ಲಿಲ್ಲ. ತುತ್ತೂರಿಯೋರ ಮುಂದೆ ಗಂಟು ಬಂದಿತ್ತು, ಬೈದು ಓಡಿಸ್ದೆ ಅಂದಾಗ — ತೆಂಗಿನಕಾಯಿ ಅಂದ್ರಲ್ಲ ಸಾರ್, ಇವರು ತೆಂಗಿನಕಾಯಿ ಅಂದ್ರೆ ನಾನು ಒಂದು ಮೊಡವೆ ಅಂದ್ಕೊಂಡೆ. ಡಾಕ್ಟರು ನಗಲಿಲ್ಲ. ಯಾರೂ ನಗಲಿಲ್ಲ. ನೀವು ಮೊದಲು ಸರಿಸಿ ಎಷ್ಟು ತಿಂಗಳು ಆಯ್ತಮ್ಮಾ? ಏಳು. ಬರೆದುಕೊಂಡರು, ಏಳು. ಆ ಹೊತ್ತಿನಲ್ಲಿ ನನ್ನ ಕೈ ತಾನಾಗಿ ಕಾಲರಿಗೆ ಹೋಯಿತು, ಗುಂಡಿಯ ಕೆಳಗೆ ಉಗುರು ತೂರಿಸಿ ಎಣಿಸಿದೆ, ಒಂದು, ಎರಡು, ಮೂರು ಸುತ್ತು. ಊರಿನ ಹೊಲಿಗೆಯನ್ನೆಲ್ಲ ನೂರು ಗಜ ದೂರದಿಂದ ಗುರುತು ಹಿಡಿಯುವವನು ಏಳು ತಿಂಗಳು ದಿನಾ ಬೆಳಗ್ಗೆ ಅವಳ ಮೂರು ಸುತ್ತನ್ನು ಎರಡು ಬೆರಳಲ್ಲಿ ಹಿಡಿದು ಕಾಜಾಕ್ಕೆ ತೂರಿಸಿದ್ದೇನೆ, ನೋಡಿಲ್ಲ, ದೀಪದ ಬುಡದ ಕತ್ತಲೆ ಎಂದರೆ ಇಷ್ಟು ಕತ್ತಲೆಯೇ. ಅವಳು ನಾಚಿಕೆ ಮುಚ್ಚಿದಳು, ನಾನು ಗಂಟು ಮುಚ್ಚಿದೆ, ಗಂಡಹೆಂಡತಿ ಸೇರಿ ಅದಕ್ಕೆ ಬೆಳೆಯಲು ಜಾಗ ಮಾಡಿಕೊಟ್ಟೆವು, ಕಾಲಂಗುಲ, ಅರ್ಧ ಅಂಗುಲ, ಬೆಳೆಯುವ ಮಕ್ಕಳ ಅಂಗಿಗೆ ಬಿಡುವ ಹಾಗೆ, ನಮಗೆ ಮಕ್ಕಳಿಲ್ಲ, ಇದನ್ನೇ ಬೆಳೆಸಿದೆವು. ಹೊರಗೆ ಬಂದು ಅವಳಿಗೆ ಬಯ್ಯಬೇಕಿತ್ತು, ಅವಳು ನನಗೆ ಬಯ್ಯಬೇಕಿತ್ತು, ಇಬ್ಬರೂ ಬೆಂಚಿನ ಮೇಲೆ ಕೂತೆವು, ಅವಳು ನನ್ನ ತೋಳಿಗೆ ಅಂಟಿದ್ದ ಒಂದು ದಾರ ತೆಗೆದಳು, ಅಷ್ಟೇ.

ಟಾನ್ಸಿಲಿನಿಂದ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು, ಸಣ್ಣ ಚೂರು, ಬಟ್ಟೆಯ ಅಂಗಡಿಯವರು ಮಾದರಿ ತೋರಿಸಲು ಕತ್ತರಿಸುವಷ್ಟು, ಆ ಚೂರು ನೋಡಿ ಇಡೀ ಥಾನು ಏನೆಂದು ಹೇಳಿದರು, ಕ್ಯಾನ್ಸರ್. ಎದೆಯ ಚಿತ್ರ ತೆಗೆದರು, ದೀಪದ ಮುಂದೆ ಹಿಡಿದರೆ ಎರಡೂ ಪಕ್ಕದಲ್ಲಿ ಬಿಳಿ ಬಿಳಿ ಚುಕ್ಕೆ, ಅಲ್ಲಿಗೂ ಹಬ್ಬಿದೆ ಅಂದರು, ಕತ್ತರಿಸುವ ಮೊದಲು ಸೀಮೆಸುಣ್ಣದಲ್ಲಿ ಹಾಕುವ ಗುರುತು, ಎಡಗಡೆ ಎಷ್ಟೋ ಬಲಗಡೆಯೂ ಅಷ್ಟೇ, ನನ್ನ ಮೈಯಲ್ಲಿ ಎರಡು ಪಕ್ಕ ಸಮ ಇದ್ದದ್ದು ಅದೊಂದೇ. ಹೆಂಡತಿಯನ್ನು ಯಾವುದೋ ಕಾಗದಕ್ಕೆ ಮುದ್ರೆ ಹಾಕಿಸಲು ಕಳಿಸಿ ಕೇಳಿದೆ, ಸರ್, ಹೊಲಿಯೋರು ನಾವು, ಬಟ್ಟೆ ಸಾಲಲ್ಲ ಅಂದ್ರೆ ಗಿರಾಕಿಗೆ ಮೊದಲೇ ಹೇಳ್ಬಿಡ್ತೀವಿ, ನೀವೂ ಹೇಳ್ಬಿಡಿ. ಡಾಕ್ಟರು ಕನ್ನಡಕ ತೆಗೆದರು. ವಾಸಿ ಅಂತ ನಾನು ಹೇಳಲ್ಲ, ಹತ್ತು ದಿನ ಕರೆಂಟು ಕೊಟ್ರೆ ನುಂಗೋದು ಸ್ವಲ್ಪ ಸಲೀಸಾಗುತ್ತೆ, ನೋವು ಕಮ್ಮಿಯಾಗುತ್ತೆ, ಅಷ್ಟಕ್ಕೇ ಕೊಡೋದು. ಎಷ್ಟು ಕಾಲ ಸರ್? ಲೆಕ್ಕ ಹೇಳ್ಬಾರ್ದು, ಒಬ್ಬೊಬ್ಬರದು ಒಂದೊಂದು ಥರ. ಸುಮಾರಾಗಿ, ಕಣ್ಣಳತೆಗೆ? ಕನ್ನಡಕ ಒರೆಸಿಕೊಂಡು ಹೇಳಿದರು, ಈ ವರ್ಷದ ಕೊನೇವರೆಗೂ ಅಂತ ಇಟ್ಕೋಬೇಡಿ, ಅದಕ್ಕೆ ಮುಂಚೆ, ಮೂರ್ನಾಲ್ಕು ತಿಂಗಳು. ಮೊದಲೇ ಬಂದಿದ್ರೆ? ಅದು ಈಗ ಯಾಕೆ ಮಾಸ್ಟ್ರೇ, ಅಂದರು, ಅವರೂ ಮಾಸ್ಟ್ರೇ ಅಂದರು. ಹೊರಗೆ ಬಂದೆ, ಅವಳು ಮುದ್ರೆ ಹಾಕಿಸಿದ ಕಾಗದ ಎರಡು ಕೈಯಲ್ಲಿ ಹಿಡಿದು ನಿಂತಿದ್ದಳು, ಏನಂದ್ರು? ನಾನೇನಂದೆ, ಇದೇ ಬಾಯಲ್ಲಿ, ಹತ್ತು ವರ್ಷ ಕಣೇ! ಹತ್ತು ದಿನ ಕರೆಂಟು, ಹತ್ತು ವರ್ಷ ಗುಂಡುಕಲ್ಲಿನ ಹಾಗೆ ಇರ್ತೀನಂತೆ, ಡಾಕ್ಟ್ರೇ ಬರೆದುಕೊಡ್ತೀನಿ ಅಂದ್ರು, ನಾನೇ ಬೇಡ ಅಂದೆ. ಅವಳ ತುಟಿ ಅಲುಗಿತು, ಕಾಜಾದ ಹೊಲಿಗೆ ಎಣಿಸುವಾಗ ಅಲುಗುವ ಹಾಗೆ, ನನಗೆ ಆಗ ನೆನಪಾಯಿತು, ಭಾಗಿಸುತ್ತಿದ್ದಾಳೆ. ಹತ್ತು ವರ್ಷ ಅಂದರೆ ಒಂದು. ಒಂದು ವರ್ಷ. ಕಣ್ಣು ತುಂಬಿತು, ತುಳುಕಲಿಲ್ಲ, ಒಳಗೇ ಎಳೆದುಕೊಂಡಳು, ಕಾಗದ ಮಡಿಸುತ್ತಾ ಹೇಳಿದಳು, ಹಾಗಾದ್ರೆ ಮುಂದಿನ ಸಲದ ಶಾಲೆ ಯೂನಿಫಾರ್ಮ್ ಒಪ್ಕೊಂಡ್ಬಿಡ್ಲಾ, ಹತ್ತು ತಿಂಗಳಿದೆ ಕೊಡೋಕೆ, ಅಷ್ಟರೊಳಗೆ ಆಗುತ್ತಲ್ಲ, ನೀವು ಬರೀ ಕತ್ತರಿಸಿ ಕೊಡಿ, ಉಳಿದದ್ದು ನಾನು ಮಾಡ್ತೀನಿ. ಒಪ್ಕೋ ಅಂದೆ. ಎರಡು ಶಾಲೆದು ಒಪ್ಕೋ ಅಂದೆ. ಬಡಾಯಿ ಕೊಚ್ಚಿಕೊಂಡು ಬದುಕಿದ ಇಷ್ಟು ವರ್ಷದಲ್ಲಿ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಹೊಲಿಯುವ ಇವಳೊಬ್ಬಳಿಗೆ ಮಾತ್ರ ನನ್ನಿಂದ ಸುಳ್ಳು ಹೇಳಲು ಆಗುತ್ತಿರಲಿಲ್ಲ, ಏನೇ ಹೇಳಿದರೂ ಸಿಪ್ಪೆ ಸುಲಿದು ನಿಜ ತೆಗೆದುಕೊಳ್ಳುತ್ತಿದ್ದಳು, ಇದೇ ಮೊದಲ ಸಲ, ಹತ್ತರಿಂದ ಭಾಗಿಸಿದರೂ ಉಳಿದದ್ದು ಸುಳ್ಳೇ.

ಹೇಳಬೇಕು, ಇವತ್ತೇ, ಈ ಕೀಲು ಬಿಚ್ಚಿದ ಕೂಡಲೇ, ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ, ಹೇಳುವ ಮಾತು ಸಿದ್ಧ ಮಾಡಿಕೊಳ್ಳಬೇಕು, ಉದ್ದ ಬೇಡ, ಮೂರ್ನಾಲ್ಕು ತಿಂಗಳು ಅಂತೆ ಕಣೇ — ಮೂರ್ನಾಲ್ಕು ಅಂದರೆ ಅವಳು ಅದನ್ನೂ ಭಾಗಿಸಿಯಾಳು, ಹತ್ತು ದಿನ ಎಂದುಕೊಂಡಾಳು, ಭಾಗಿಸಬೇಡ ಎಂದು ಮೊದಲೇ ಹೇಳಬೇಕು, ಇದು ಇದ್ದಷ್ಟೇ ಇದೆ, ಒಂದು ನೂಲೂ ಹೆಚ್ಚಿಲ್ಲ, ಇದ್ದದ್ದನ್ನು ಇದ್ದಷ್ಟೇ ಹೇಳುವುದು ಹೇಗೆ, ನನಗೆ ಅಭ್ಯಾಸ ಇಲ್ಲ, ನಾಲಿಗೆ ಅದಕ್ಕೆ ಹೊಲಿದದ್ದಲ್ಲ — ಬಾಗಿಲು ತೆರೆದ ಸದ್ದು, ಯಾರೋ ಬಂದರು, ತಲೆ ತಿರುಗಿಸುವ ಹಾಗಿಲ್ಲ, ಕಣ್ಣುಗುಡ್ಡೆ ಮಾತ್ರ ಬಲಕ್ಕೆ ಸರಿಸುತ್ತೇನೆ, ಜಾಲರಿಯ ಒಂದು ತೂತಿನ ಅಂಚಿನಲ್ಲಿ, ಹಾಳೆ ಮೆತ್ತಗಾಗಲು ಅದ್ದುವ ಬಿಸಿನೀರಿನ ತೊಟ್ಟಿ, ನೀಲಿ ಅಂಗಿಯ ಗಂಡಸು ಅದರ ಪಕ್ಕ ನಿಂತಿದ್ದಾನೆ, ಕೈಯಲ್ಲಿ ಒಂದು ಮುಖ. ಮುಖವಾಡ, ಬಿಳಿ, ದೊಡ್ಡ ಮೂಗು, ಚೂಪು ಗದ್ದ, ಹೆಸರು ಹಿಡಿದು ಕರೆದರೆ ಓ ಎನ್ನುವಷ್ಟು ಸ್ಪಷ್ಟ. ಇದು ಮುಗೀತು ಮೇಡಂ, ಎನ್ನುತ್ತಾನೆ. ಪೂರ್ತಿ ಮುಗೀತಾ, ಕೇಳುತ್ತಾಳೆ ಇವಳು. ಪೂರ್ತಿ. ಹಾಗಾದ್ರೆ ನೀರಿಗೆ ಹಾಕಿ, ಹಾಳೆ ಕಮ್ಮಿ ಇದೆ, ಇನ್ನೊಬ್ರಿಗೆ ಆಗುತ್ತೆ. ಪೂರ್ತಿ ಮುಗಿದದ್ದು ಏನು, ಕರೆಂಟೋ, ಆ ಮೂಗಿನ ಯಜಮಾನನೋ, ಕೇಳಬೇಕು, ಬಾಯಿ ತೆರೆಯುವ ಹಾಗಿಲ್ಲ, ಅವನು ಅದನ್ನು ನೀರಿಗೆ ಬಿಟ್ಟ. ತೇಲಿತು, ಮೇಲ್ಮುಖವಾಗಿ, ಸ್ನಾನಕ್ಕೆ ಇಳಿದವನ ಹಾಗೆ. ಆಮೇಲೆ ಮೊದಲು ಮೂಗು ಇಳಿಯಿತು. ಯಾರೂ ಮುಟ್ಟಲಿಲ್ಲ, ತಾನಾಗಿ, ಮೆಲ್ಲಗೆ, ಆಮೇಲೆ ತುಟಿ, ಆಮೇಲೆ ಗದ್ದ, ಕಣ್ಣಿನ ಎರಡು ಗುಳಿ ಮೇಲೆದ್ದು ಹಣೆಯ ಮಟ್ಟಕ್ಕೆ ಬಂದವು, ಹಾಳೆ, ಚಪ್ಪಟೆ ಹಾಳೆ, ಮೇಜಿನ ಮೇಲೆ ಹರಡಿದ ಹೊಸ ಬಟ್ಟೆ, ಗುರುತಿಲ್ಲ, ಸುಕ್ಕಿಲ್ಲ, ಎಡ ಯಾವುದು ಬಲ ಯಾವುದು ಕೇಳಿದರೆ ಹೇಳಲಾಗುವುದಿಲ್ಲ. ಮೂವತ್ತೆಂಟು ವರ್ಷ ಚಪ್ಪಟೆ ಬಟ್ಟೆಗೆ ಮನುಷ್ಯನ ಆಕಾರ ಕೊಟ್ಟವನು ನಾನು, ಆಕಾರ ಬಟ್ಟೆಯಾಗುವುದನ್ನು ನೋಡಿರಲಿಲ್ಲ — ಬಿಡು, ಅವಳಿಗೆ ಹೇಳುವುದನ್ನು ಯೋಚಿಸು, ಯೂನಿಫಾರ್ಮ್ ಒಪ್ಪಬೇಡ ಅನ್ನಬೇಕು, ಒಪ್ಪಿದ್ದರೆ ನಾಳೆಯೇ ಹೋಗಿ ಬೇಡ ಅನ್ನಬೇಕು, ಇಲ್ಲದಿದ್ದರೆ ಅಳತೆ ಪುಸ್ತಕ, ಕತ್ತರಿ, ನಾನೂರು ಮಕ್ಕಳ ಬಟ್ಟೆ, ಒಬ್ಬಳೇ, ಮೊದಲು ಮೂಗು ಇಳಿಯಿತು — ಇನ್ನು ಎರಡು ನಿಮಿಷ ಮಾಸ್ಟ್ರೇ — ಎರಡು ನಿಮಿಷ ಸಾಕು, ಒಂದು ಮಾತಿಗೆ ಎಷ್ಟು ಬೇಕು, ಕೂತ್ಕೋ ಕಣೇ ಎಂದು ಮೊದಲು ಹೇಳಬೇಕು, ಕೂತೇ ಇರುತ್ತಾಳೆ, ಹಾಗಾದರೆ ಎದ್ದೇಳಬೇಡ ಎನ್ನಬೇಕು, ಡಾಕ್ಟರು ಹತ್ತು ವರ್ಷ ಅನ್ನಲಿಲ್ಲ, ಅವರು, ಅವರು ಅಂದದ್ದು, ಆಮೇಲೆ ತುಟಿ, ಆಮೇಲೆ ಗದ್ದ — ಟಕ್, ಒಂದು ಕೀಲು, ಟಕ್, ಇನ್ನೊಂದು, ಎತ್ತುತ್ತಿದ್ದಾಳೆ, ಗಾಳಿ ತಣ್ಣಗೆ, ಆಯ್ತು ಮಾಸ್ಟ್ರೇ, ಈಗ ಮಾತಾಡ್ಬಹುದು ನೀವು, ನೋಡಿ, ನಿಮ್ಮ ಮುಖ, ಸರಿಯಾಗಿದೆಯಾ ಹೇಳಿ, ಎರಡು ಕೈಯಲ್ಲಿ ಹಿಡಿದು ತೋರಿಸುತ್ತಾಳೆ, ಬಲದವಡೆಯ ಕೆಳಗೆ ಉಬ್ಬು, ಮುಚ್ಚಿದ ಬಾಯಿ, ನಾನು ಬಾಯಿ ತೆರೆಯುತ್ತೇನೆ, ಬಾಗಿಲ ಆಚೆ ಹೆಂಡತಿಯ ಚಪ್ಪಲಿಯ ಸದ್ದು, ಎದ್ದು ಬರುತ್ತಿದ್ದಾಳೆ, ಮೂರು, ಎಂದು ಶುರು ಮಾಡಬೇಕು, ಮೂರ್ನಾಲ್ಕು, ಬಾಯಿ ತೆರೆದೇ ಇದೆ, ಮೊದಲು ಮೂಗು, ನೀರಿನಲ್ಲಿ, ಯಾರೂ ಮುಟ್ಟದೆ, ಮೊದಲು ಮೂಗು